ಸತ್ಯವೇದದ ನಾಡಿನ ಉತ್ಖನನದಲ್ಲಿ ಒಂದು ಬೇಸಿಗೆ: ಸಿದ್ಧತೆಗಾಗಿ ಕೆಲವು ವಿಚಾರಗಳು

ಪರಿಸ್ಥಿತಿ ಶಾಂತವಾಗಿರುವ ವರ್ಷಗಳಲ್ಲಿ, ಬೇಸಿಗೆ ಬಂತೆಂದರೆ ಇಸ್ರಾಯೇಲ್ ಮತ್ತು ಜೋರ್ಡಾನ್ ದೇಶಗಳ ಹಾಳುದಿಬ್ಬಗಳ ಮೇಲೆ ಪುರಾತತ್ತ್ವ ತಂಡಗಳು ಕೆಲಸ ಆರಂಭಿಸುತ್ತವೆ. ಈ ತಂಡಗಳಲ್ಲಿ ವೃತ್ತಿನಿರತ ವಿದ್ವಾಂಸರು ಕೆಲವರೇ. ಮಣ್ಣು ಅಗೆಯುವವರು, ಜರಡಿ ಹಿಡಿಯುವವರು, ಮಡಕೆಯ ಬೋಕಿಗಳನ್ನು ತೊಳೆಯುವವರು ಬಹುಮಟ್ಟಿಗೆ ಸ್ವಯಂಸೇವಕರು: ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು, ಶಿಕ್ಷಕರು, ನಿವೃತ್ತರು, ಸೆಮಿನರಿಯಲ್ಲಿ ಓದುತ್ತಿರುವವರು, ಕೆಲವೊಮ್ಮೆ ಸಭಾಪಾಲಕರು. ಪೂರ್ವಾನುಭವ ಇರಲೇಬೇಕೆಂದು ಸಾಮಾನ್ಯವಾಗಿ ಕೇಳುವುದಿಲ್ಲ. ಆದುದರಿಂದ ನಮ್ಮ ನಾಡಿನ ಸೆಮಿನರಿಗಳಲ್ಲಿ ಹಳೆಯ ಒಡಂಬಡಿಕೆಯನ್ನು ಆಸಕ್ತಿಯಿಂದ ಓದುತ್ತಿರುವವರಿಗೂ ಈ ಬಾಗಿಲು ತೆರೆದೇ ಇದೆ.

ಹೋಗಲು ಬೇಕಾದ ಹಣ, ರಜೆ, ವೀಸಾ ಇವುಗಳ ವಿಚಾರವನ್ನು ಮುಂದೆ ಹೇಳಲಿದ್ದೇವೆ. ಅದಕ್ಕೂ ಮೊದಲು ಒಂದು ಪ್ರಶ್ನೆಯನ್ನು ನಮ್ಮ ಮುಂದೆ ಇಟ್ಟುಕೊಳ್ಳುವುದು ಅಗತ್ಯ: ಅಲ್ಲಿಂದ ಏನನ್ನು ತರಬೇಕೆಂದು ನಾವು ಹೋಗುತ್ತೇವೆ? ನಮ್ಮಲ್ಲಿ ಅನೇಕರ ಮನಸ್ಸಿನಲ್ಲಿರುವ ಉತ್ತರ 'ಪುರಾವೆ' ಎಂಬುದೇ. ಪುರಾತತ್ತ್ವವು ಸತ್ಯವೇದವನ್ನು ರುಜುವಾತುಪಡಿಸಿದೆ ಎಂಬ ಮಾತು ಪ್ರಸಂಗಪೀಠದಿಂದ ಆಗಾಗ ಕೇಳಿಬರುತ್ತದೆ; ಸಭೆಯವರು ಅದನ್ನು ಸಂತೋಷದಿಂದ ಕೇಳುತ್ತಾರೆ. ಆದರೆ ಆ ಮಾತನ್ನು ನಂಬಿ ಬೆಳೆದ ಯುವಕನೊಬ್ಬನು ಕಾಲೇಜಿಗೆ ಹೋಗಿ, ಅಗೆದವರೇ ಬರೆದ ವರದಿಯನ್ನು ಓದಿದಾಗ, ತನ್ನ ಸಭಾಪಾಲಕರು ಹೇಳಿದ್ದು ಅದರಲ್ಲಿ ಇಲ್ಲವೆಂದು ಕಂಡುಕೊಳ್ಳಬಹುದು. ಆಗ ಅವನು ಸಂಶಯಪಡುವುದು ಒಂದು ಗೋಡೆಯ ಕಾಲಮಾನದ ಕುರಿತು ಮಾತ್ರವಲ್ಲ. ಪ್ರಸಂಗಪೀಠದಿಂದ ಕೇಳಿದ ಉಳಿದ ಎಲ್ಲ ಮಾತುಗಳನ್ನೂ ಅವನು ಅದೇ ಸಂಶಯದಿಂದ ನೋಡತೊಡಗುತ್ತಾನೆ. ಉತ್ಖನನಕ್ಕೆ ಹೋಗುವ ಸೆಮಿನರಿ ವಿದ್ಯಾರ್ಥಿ ಕಲಿತು ಬರಬೇಕಾದ ಮುಖ್ಯ ಪಾಠವೆಂದರೆ, ಮಣ್ಣು ಹೇಳಿದ್ದೆಷ್ಟು, ನಾವು ಹೇಳಿಸಿದ್ದೆಷ್ಟು ಎಂಬ ವಿವೇಚನೆ. ಸಿದ್ಧತೆಯೆಲ್ಲವೂ ಈ ಪಾಠಕ್ಕಾಗಿಯೇ ಎಂಬುದು ನಮ್ಮ ಅಭಿಪ್ರಾಯ.

ದಿಬ್ಬವನ್ನು ಓದುವ ಬಗೆ

ಪಶ್ಚಿಮ ಏಷ್ಯಾದ ಪುರಾತನ ಊರುಗಳು ಬಹುತೇಕ ದಿಬ್ಬಗಳ ರೂಪದಲ್ಲಿ ಉಳಿದಿವೆ. ಇಟ್ಟಿಗೆಯ ಮನೆಗಳು ಬಿದ್ದಾಗ ಜನರು ಆ ಮಣ್ಣನ್ನು ಸಮಮಾಡಿ ಅದರ ಮೇಲೆಯೇ ಮತ್ತೆ ಕಟ್ಟಿದರು. ಹೀಗೆ ಶತಮಾನಗಳ ಕಾಲ ಊರು ತನ್ನ ಅವಶೇಷಗಳ ಮೇಲೆಯೇ ಏರುತ್ತ ಹೋಯಿತು. ಇಂಥ ದಿಬ್ಬಕ್ಕೆ ಹೀಬ್ರೂ ಮತ್ತು ಅರಬ್ಬೀ ಭಾಷೆಗಳೆರಡರಲ್ಲೂ 'ತೆಲ್' ಎಂಬ ಹೆಸರಿದೆ. ಯೆಹೋಶುವ 11:13ರಲ್ಲಿಯೂ ಯೆರೆಮೀಯ 30:18ರಲ್ಲಿಯೂ ಹೀಬ್ರೂ ಮೂಲದಲ್ಲಿ ಇದೇ ಶಬ್ದವಿದೆ.

ಮೇಲಿನ ಸ್ತರ ಹೊಸದು, ಕೆಳಗಿನದು ಹಳೆಯದು ಎಂಬ ನಿಯಮ ಕೇಳಲು ಸರಳ. ಆದರೆ ಹಳೆಯ ಕಾಲದವರೇ ತೋಡಿದ ಕಸದ ಗುಂಡಿ, ಕಲ್ಲಿಗಾಗಿ ಕಿತ್ತ ತಳಪಾಯ, ಇಲಿಗಳ ಬಿಲ ಇವುಗಳಿಂದ ಸ್ತರಗಳು ಕಲಸಿಹೋಗಿರುತ್ತವೆ. 1890ರಲ್ಲಿ ಫ್ಲಿಂಡರ್ಸ್ ಪೆಟ್ರಿಯವರು ತೆಲ್ ಎಲ್-ಹೆಸಿ ಎಂಬಲ್ಲಿ, ಮಡಕೆಗಳ ಆಕಾರ ಕಾಲಕಾಲಕ್ಕೆ ಬದಲಾಗುವುದರಿಂದ ಬೋಕಿಗಳ ಮೂಲಕವೇ ಸ್ತರಗಳ ಕಾಲವನ್ನು ಗುರುತಿಸಬಹುದೆಂದು ತೋರಿಸಿಕೊಟ್ಟರು. ಅಂದಿನಿಂದ ಬಂಗಾರಕ್ಕಿಂತ ಬೋಕಿಗೆ ಹೆಚ್ಚು ಬೆಲೆ ಬಂದಿತು.

ಇಂದು ಸ್ವಯಂಸೇವಕರು ಕೆಲಸ ಮಾಡುವುದು ಸಾಮಾನ್ಯವಾಗಿ ಐದು ಮೀಟರ್ ಉದ್ದ, ಐದು ಮೀಟರ್ ಅಗಲದ ಚೌಕಗಳಲ್ಲಿ. ಚೌಕ ಚೌಕಗಳ ನಡುವೆ ಒಂದು ಮೀಟರಿನಷ್ಟು ಬದುವನ್ನು ಅಗೆಯದೆ ಬಿಡುತ್ತಾರೆ. ನಮ್ಮ ಹೊಲದ ಬದು ಗಡಿಯನ್ನು ತೋರಿಸಿದರೆ, ಈ ಬದು ಕಾಲವನ್ನು ತೋರಿಸುತ್ತದೆ: ಅಗೆದು ತೆಗೆದ ಸ್ತರಗಳ ಅಂಚುಗಳು ಅದರ ಪಕ್ಕದಲ್ಲಿ ಒಂದರ ಮೇಲೊಂದು ಗೆರೆಗಳಾಗಿ ಉಳಿದಿರುತ್ತವೆ. ಅಗೆಯುವುದೆಂದರೆ ನಾಶಮಾಡುವುದೂ ಹೌದು. ಒಮ್ಮೆ ತೆಗೆದ ಮಣ್ಣನ್ನು ಮತ್ತೆ ಅದೇ ಕ್ರಮದಲ್ಲಿ ಇಡಲಾಗದು. ನಮ್ಮ ತೀರ್ಮಾನವನ್ನು ನಂಬದವರು ಮುಂದೆ ಬಂದು ಪರೀಕ್ಷಿಸಲಿ ಎಂದೇ ಬದುವನ್ನು ಉಳಿಸಲಾಗುತ್ತದೆ.

ಈ ಪದ್ಧತಿಗೂ ಕರ್ನಾಟಕಕ್ಕೂ ನಿಜವಾದ ಸಂಬಂಧವೊಂದಿದೆ. ಇದನ್ನು ರೂಪಿಸಿದವರಲ್ಲಿ ಪ್ರಮುಖರಾದ ಮಾರ್ಟಿಮರ್ ವೀಲರ್ ಅವರು 1944ರಿಂದ 1948ರವರೆಗೆ ಭಾರತೀಯ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯ ಮಹಾನಿರ್ದೇಶಕರಾಗಿದ್ದರು. 1947ರಲ್ಲಿ ಅವರು ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಮತ್ತು ಚಂದ್ರವಳ್ಳಿಗಳಲ್ಲಿ ಇದೇ ಕ್ರಮದಿಂದ ಅಗೆದು, ದಕ್ಷಿಣ ಭಾರತದ ಪ್ರಾಚೀನ ಸಂಸ್ಕೃತಿಗಳ ಅನುಕ್ರಮವನ್ನು ನಿರ್ಣಯಿಸಿದರು. 1930ರ ದಶಕದಲ್ಲಿ ಇಂಗ್ಲೆಂಡಿನಲ್ಲಿ ಅವರ ಕೈಕೆಳಗೆ ತರಬೇತಿ ಪಡೆದ ಕ್ಯಾಥ್ಲೀನ್ ಕೆನ್ಯನ್ ಎಂಬವರು ಆ ಪದ್ಧತಿಯನ್ನು ಸಮಾರ್ಯಕ್ಕೂ ಬಳಿಕ ಯೆರಿಕೋವಿಗೂ ಒಯ್ದರು. ಮೊಳಕಾಲ್ಮೂರಿನ ಬಯಲಿನಲ್ಲಿ ಓದಿದ ಮಣ್ಣಿನ ವ್ಯಾಕರಣವೂ ಯೊರ್ದನ್ ಕಣಿವೆಯಲ್ಲಿ ಓದಿದ ವ್ಯಾಕರಣವೂ ಒಂದೇ.

ಯೆರಿಕೋವಿನ ಗೋಡೆ

ಮಣ್ಣು ಹೇಳಿದ್ದಕ್ಕೂ ನಾವು ಹೇಳಿಸಿದ್ದಕ್ಕೂ ಇರುವ ಅಂತರಕ್ಕೆ ಯೆರಿಕೋವೇ ಪ್ರಸಿದ್ಧ ಉದಾಹರಣೆ. 1930ರಿಂದ 1936ರವರೆಗೆ ಅಲ್ಲಿ ಅಗೆದ ಜಾನ್ ಗಾರ್‌ಸ್ಟಾಂಗ್ ಅವರು, ತಾವು ಕಂಡ ಕುಸಿದ ಜೋಡಿಗೋಡೆಗಳು ಯೆಹೋಶುವನ ಕಾಲದವೆಂದು ಪ್ರಕಟಿಸಿದರು. ಸುದ್ದಿ ಲೋಕವನ್ನೆಲ್ಲ ಸುತ್ತಿತು. ಪ್ರಸಂಗಗಳಿಗೂ ಭಾನುವಾರದ ಶಾಲೆಯ ಪುಸ್ತಕಗಳಿಗೂ ಸೇರಿತು. 1952ರಿಂದ 1958ರವರೆಗೆ ಕೆನ್ಯನ್ ಅವರು ಬದುಗಳನ್ನು ಬಿಟ್ಟು, ಸ್ತರಗಳನ್ನು ಬಿಡಿಸಿ ಅಗೆದಾಗ ಕಂಡದ್ದೇ ಬೇರೆ. ಆ ಗೋಡೆಗಳು ಯೆಹೋಶುವನ ಕಾಲಕ್ಕಿಂತ ಸುಮಾರು ಸಾವಿರ ವರ್ಷ ಹಳೆಯವು. ಅನಂತರದ ಕೋಟೆಯೂರು ಕ್ರಿ.ಪೂ. 1550ರ ಸುಮಾರಿಗೆ ಸುಟ್ಟುಹೋಗಿತ್ತು. ಯೆಹೋಶುವನ ಪ್ರವೇಶಕ್ಕೆ ಹೆಚ್ಚಿನ ವಿದ್ವಾಂಸರು ಸೂಚಿಸುವ ಕ್ರಿ.ಪೂ. ಹದಿಮೂರನೆಯ ಶತಮಾನದಲ್ಲಿ ಅಲ್ಲಿ ಗೋಡೆಯುಳ್ಳ ಊರಿದ್ದುದಕ್ಕೆ ಕುರುಹು ಸಿಗಲಿಲ್ಲ.

ಕೆನ್ಯನ್ ಅವರ ಕಾಲನಿರ್ಣಯವನ್ನು ಪ್ರಶ್ನಿಸಿದ ವಿದ್ವಾಂಸರೂ ಇದ್ದಾರೆ. ಸವೆತದಿಂದ ಮೇಲಿನ ಸ್ತರಗಳು ಕೊಚ್ಚಿಹೋಗಿರಬಹುದೆಂಬ ವಾದವೂ ಇದೆ. ಇವೆಲ್ಲವನ್ನೂ ವಿದ್ಯಾರ್ಥಿ ಓದಬೇಕು. ಆದರೆ ಯೆಹೋಶುವ ಆರನೆಯ ಅಧ್ಯಾಯವನ್ನು ಬೋಧಿಸುವಾಗ, 'ಅಗೆದು ನೋಡಿದವರು ಗೋಡೆಯನ್ನು ಕಂಡಿದ್ದಾರೆ' ಎಂದು ಹೇಳುವ ಹಕ್ಕು ನಮಗೆ ಇಲ್ಲವೆಂಬುದು ಸ್ಪಷ್ಟ. ಆ ಅಧ್ಯಾಯದಲ್ಲಿ ಸಭೆಗೆ ಹೇಳಬೇಕಾದದ್ದು ಸಾಕಷ್ಟಿದೆ: ಯುದ್ಧದ ನಡುವೆ ಯಾಜಕರ ಮೆರವಣಿಗೆ, ಏಳು ದಿನಗಳ ಕಾಯುವಿಕೆ, ಪರದೇಶಿಯಾದ ರಾಹಾಬಳ ರಕ್ಷಣೆ, ಹತರಾದವರ ಕುರಿತು ನಮ್ಮನ್ನು ಕಾಡುವ ಪ್ರಶ್ನೆ. ಇವುಗಳನ್ನು ಬಿಟ್ಟು ಗೋಡೆಯ ಕಾಲಮಾನದ ಮೇಲೆ ಪ್ರಸಂಗವನ್ನು ಕಟ್ಟಿದರೆ, ಮುಂದಿನ ವರದಿ ಬಂದಾಗ ಪ್ರಸಂಗವೂ ಬೀಳುತ್ತದೆ.

ಹೆಷ್ಬೋನಿನಲ್ಲಿ ಸಿಕ್ಕಿದ್ದು

ಎರಡನೆಯ ಉದಾಹರಣೆ ನಮಗೆ ಇನ್ನೂ ಹತ್ತಿರದ್ದು. ಏಕೆಂದರೆ ಇಲ್ಲಿ ಅಗೆಯಲು ಹೋದವರು ಸತ್ಯವೇದವನ್ನು ದೇವರ ವಾಕ್ಯವೆಂದು ನಂಬಿದ ಸಭೆಯವರೇ. ಅಮೆರಿಕದ ಆಂಡ್ರೂಸ್ ವಿಶ್ವವಿದ್ಯಾಲಯವು ಸೆವೆಂತ್-ಡೇ ಅಡ್ವೆಂಟಿಸ್ಟ್ ಸಭೆಗೆ ಸೇರಿದ್ದು. ಅಲ್ಲಿಯ ಪ್ರಾಧ್ಯಾಪಕ ಸೀಗ್‌ಫ್ರೀಡ್ ಹಾರ್ನ್ ಅವರು 1968ರಲ್ಲಿ ಜೋರ್ಡಾನಿನ ತಾಲ್ ಹಿಸ್ಬಾನ್ ಎಂಬ ದಿಬ್ಬದಲ್ಲಿ ಅಗೆತ ಆರಂಭಿಸಿದರು. ಅರಣ್ಯಕಾಂಡ 21ರಲ್ಲಿ ಅಮೋರಿಯರ ಅರಸನಾದ ಸೀಹೋನನ ರಾಜಧಾನಿ ಹೆಷ್ಬೋನ್ ಎಂದಿದೆಯಷ್ಟೆ. ಹಿಸ್ಬಾನ್ ಎಂಬ ಹೆಸರು ಅದನ್ನೇ ಸೂಚಿಸುತ್ತದೆ. ಆ ರಾಜಧಾನಿಯನ್ನು ಕಾಣುವುದು ತಂಡದ ನಿರೀಕ್ಷೆಯಾಗಿತ್ತು.

1976ರವರೆಗೆ ಐದು ಋತುಗಳಲ್ಲಿ ಅಗೆದರೂ ಕ್ರಿ.ಪೂ. 1200ರ ಸುಮಾರಿಗಿಂತ ಹಿಂದಿನ ಊರು ಅಲ್ಲಿ ಸಿಗಲಿಲ್ಲ. ಸೀಹೋನನ ನಗರ ಕಾಣಲಿಲ್ಲ. ತಂಡದವರು ಇದನ್ನು ಮುಚ್ಚಿಡಲಿಲ್ಲ. ಕಂಡದ್ದನ್ನು ಕಂಡಂತೆಯೇ ಪ್ರಕಟಿಸಿದರು. ಹೀಗೆ ಕೆಲಸ ವ್ಯರ್ಥವಾಯಿತೆಂದು ಬಿಟ್ಟುಹೋಗಲಿಲ್ಲವೆಂಬುದು ಇನ್ನೂ ಮುಖ್ಯ. ತಮ್ಮ ಪ್ರಶ್ನೆಯನ್ನೇ ಅವರು ವಿಸ್ತರಿಸಿಕೊಂಡರು. ಸೀಹೋನ ಎಲ್ಲಿದ್ದನೆಂಬ ಒಂದೇ ಪ್ರಶ್ನೆಯ ಜೊತೆಗೆ, ಈ ಒಣನೆಲದಲ್ಲಿ ಮೂರು ಸಾವಿರ ವರ್ಷಗಳ ಕಾಲ ಜನರು ಏನನ್ನು ಬೆಳೆದರು, ಏನನ್ನು ತಿಂದರು, ನೀರನ್ನು ಹೇಗೆ ಕೂಡಿಸಿಟ್ಟರು, ಯಾವಾಗ ಊರು ಕಟ್ಟಿ ನಿಂತರು, ಯಾವಾಗ ಹಿಂಡುಗಳೊಂದಿಗೆ ಗುಡಾರಗಳಿಗೆ ಹೋದರು ಎಂದು ಕೇಳತೊಡಗಿದರು. ಪ್ರಾಣಿಗಳ ಎಲುಬುಗಳನ್ನೂ ಸುಟ್ಟ ಕಾಳುಗಳನ್ನೂ ಜತನದಿಂದ ಕೂಡಿಸಿ ಅಧ್ಯಯನ ಮಾಡಿದರು. ಓಯ್‌ಸ್ಟೈನ್ ಲಾಬಿಯಾಂಕಾ ಮೊದಲಾದವರು ಇದರಿಂದ ಆಹಾರ ವ್ಯವಸ್ಥೆಗಳ ಅಧ್ಯಯನವನ್ನೇ ಬೆಳೆಸಿದರು.

ಆ ದಿಬ್ಬದಲ್ಲಿ ಕಬ್ಬಿಣ ಯುಗದ ದೊಡ್ಡ ಜಲಾಶಯವೊಂದು ದೊರೆಯಿತು. ಪರಮಗೀತ 7:4ರಲ್ಲಿ ಹೆಷ್ಬೋನಿನ ಕೊಳಗಳ ಪ್ರಸ್ತಾಪವಿರುವುದನ್ನು ಓದುಗರು ಬಲ್ಲರು. ರೋಮನ್ನರ ಕಾಲದ ಎಸ್ಬುಸ್ ಪಟ್ಟಣ ದೊರೆಯಿತು. ನೆಲಕ್ಕೆ ಬಣ್ಣದ ಕಲ್ಲುಗಳ ಚಿತ್ತಾರ ಹಾಸಿದ ಬಿಜಾಂಟಿಯನ್ ಕಾಲದ ದೇವಾಲಯಗಳು ದೊರೆತವು. ಕ್ರಿ.ಶ. 325ರ ನಿಕೇಯದ ಮಹಾಸಭೆಗೆ ಹಾಜರಾದವರ ಪಟ್ಟಿಗಳಲ್ಲಿ ಎಸ್ಬುಸಿನ ಬಿಷಪರಾದ ಗೆನ್ನಾದಿಯರ ಹೆಸರಿದೆ. ಅದರ ಮೇಲೆ ಮಾಮ್ಲೂಕರ ಕಾಲದ ಅಧಿಕಾರಿಯ ಸ್ನಾನಗೃಹವೂ ದೊರೆಯಿತು. ಸೀಹೋನನನ್ನು ಅರಸಿ ಹೋದವರಿಗೆ ನಿಕೇಯದ ವಿಶ್ವಾಸಪ್ರಮಾಣವನ್ನು ಒಪ್ಪಿಕೊಂಡ ಸಭೆಯ ನೆಲವೂ, ಅದರ ಹಿಂದೆ ಮುಂದೆ ಅಲ್ಲಿ ಬಾಳಿದ ಎಲ್ಲರ ಅಡಿಗೆಮನೆಯೂ ಸಿಕ್ಕಿದವು. ಮನುಷ್ಯರ ಅನ್ನ, ನೀರು, ಮನೆಗಳ ಚರಿತ್ರೆ ದೈವಶಾಸ್ತ್ರಕ್ಕೆ ಹೊರಗಿನದೆಂದು ನಾವು ಹೇಳಲಾಗದು. ವಾಕ್ಯವು ಮನುಷ್ಯನಾದದ್ದು ಇಂಥ ಮನೆಗಳ ನಡುವೆಯೇ.

ಲಾಕೀಷಿನ ಬೂದಿ

ಸತ್ಯವೇದವೂ ಮಣ್ಣೂ ಎಂದಿಗೂ ಕೂಡುವುದೇ ಇಲ್ಲವೆಂದು ಇದರಿಂದ ಭಾವಿಸಬಾರದು. ಅಶ್ಶೂರದ ಅರಸನಾದ ಸನ್ಹೇರೀಬನು ಕ್ರಿ.ಪೂ. 701ರಲ್ಲಿ ಯೆಹೂದದ ಮೇಲೆ ದಂಡೆತ್ತಿ ಬಂದದ್ದು 2 ಅರಸುಗಳು 18 ಮತ್ತು 19ರಲ್ಲಿದೆ. ಆಗ ಅವನು ಲಾಕೀಷಿನಲ್ಲಿದ್ದನೆಂದೂ ಅಲ್ಲಿ ಓದುತ್ತೇವೆ. ಆ ಮುತ್ತಿಗೆಯ ಶಿಲ್ಪಗಳು ನಿನೆವೆಯ ಅರಮನೆಯಲ್ಲಿ ದೊರೆತು, ಈಗ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಲಾಕೀಷಿನ ದಿಬ್ಬದಲ್ಲಿ ಅಶ್ಶೂರ್ಯರು ಗೋಡೆಗೆ ಒತ್ತಿ ಕಟ್ಟಿದ ಮುತ್ತಿಗೆಯ ಇಳಿಜಾರೂ, ಅದರ ಸುತ್ತ ನೂರಾರು ಬಾಣದ ಮೊನೆಗಳೂ ಕವಣೆಯ ಕಲ್ಲುಗಳೂ, ಸುಟ್ಟ ಮನೆಗಳ ಸ್ತರವೂ ಸಿಕ್ಕಿವೆ. ಇಷ್ಟು ಸಾಕ್ಷ್ಯಗಳು ಒಂದೆಡೆ ಕೂಡುವುದು ಅಪರೂಪ.

ಇಲ್ಲಿಯೂ ಕಾಲನಿರ್ಣಯ ಸುಲಭವಾಗಿ ಆಗಲಿಲ್ಲ. 1932ರಿಂದ 1938ರವರೆಗೆ ಉತ್ಖನನ ನಡೆಸಿದ ಜೇಮ್ಸ್ ಸ್ಟಾರ್ಕಿಯವರು ಆ ಸುಟ್ಟ ಸ್ತರವನ್ನು ಬಾಬೆಲಿನವರ ಕಾಲದ್ದೆಂದು ಎಣಿಸಿದ್ದರು. ಅವರ ತಂಡದಲ್ಲಿಯೇ ಇದ್ದ ಓಲ್ಗಾ ಟಫ್ನೆಲ್ ಅವರು ಬೋಕಿಗಳನ್ನು ವರ್ಷಗಟ್ಟಲೆ ಪರಿಶೀಲಿಸಿ, 1953ರ ವರದಿಯಲ್ಲಿ ಅದು 701ರದ್ದೇ ಎಂದು ವಾದಿಸಿದರು. 1970ರ ದಶಕದಿಂದ ಅಲ್ಲಿ ಅಗೆದ ಡೇವಿಡ್ ಉಸ್ಸಿಷ್ಕಿನ್ ಅವರ ಕೆಲಸ ಅದನ್ನು ದೃಢಪಡಿಸಿತು.

ಹೀಗೆ ದೃಢಪಟ್ಟ ಮೇಲೂ ಮಣ್ಣಿಗೆ ಒಂದು ಮಿತಿಯಿದೆ. ಲಾಕೀಷು ಬಿದ್ದಿತೆಂದು ಬೂದಿ ಹೇಳುತ್ತದೆ. ಯೆರೂಸಲೇಮು ಏಕೆ ಉಳಿಯಿತೆಂದು ಅದು ಹೇಳಲಾರದು. ಹಿಜ್ಕೀಯನು ಕೊಟ್ಟ ಕಪ್ಪದ ಕುರಿತು ಸನ್ಹೇರೀಬನ ಶಾಸನವೂ ಹೇಳುತ್ತದೆ, 2 ಅರಸುಗಳು 18:14ರಿಂದ 16ರವರೆಗಿನ ವಚನಗಳೂ ಹೇಳುತ್ತವೆ. ಬಂಗಾರದ ಲೆಕ್ಕ ಎರಡರಲ್ಲೂ ಮೂವತ್ತು ತಲಾಂತು. ಬೆಳ್ಳಿಯ ಲೆಕ್ಕ ಬೇರೆ ಬೇರೆ. ಆದರೆ ಪಟ್ಟಣದ ಬಿಡುಗಡೆ ಕರ್ತನ ಕೈಕೆಲಸವೆಂಬುದು ವಿಶ್ವಾಸದ ಸಾಕ್ಷಿ. ಅದನ್ನು ಕರಣೆಯಿಂದ ಅಗೆದು ತೆಗೆಯಲು ಸಾಧ್ಯವಿಲ್ಲ. ಕುಮ್ರಾನನ್ನು 1950ರ ದಶಕದಲ್ಲಿ ಅಗೆದ ದೊಮಿನಿಕನ್ ಗುರು ರೋಲಾಂ ದ ವೋ ಅವರು ಈ ಮಿತಿಯನ್ನು ತಮ್ಮ ಬರಹಗಳಲ್ಲಿ ಒತ್ತಿಹೇಳಿದ್ದರು: ಪುರಾತತ್ತ್ವವು ಸತ್ಯವೇದದ ಹಿನ್ನೆಲೆಯನ್ನು ಬೆಳಗಬಲ್ಲದು, ಅದರ ದೈವಿಕ ಸತ್ಯವನ್ನು ಸ್ಥಾಪಿಸಲೂ ಆರದು, ಅಲ್ಲಗಳೆಯಲೂ ಆರದು. ಬೂದಿಯ ಆ ಸ್ತರದ ಮುಂದೆ ನಿಂತವರಿಗೆ ಇನ್ನೊಂದು ಸಂಗತಿಯೂ ಹೊಳೆಯಬೇಕು. ನಾವು ಯೆರೂಸಲೇಮಿನ ಬಿಡುಗಡೆಯನ್ನು ಬೋಧಿಸುವಾಗ, ಅದೇ ದಂಡಯಾತ್ರೆಯಲ್ಲಿ ಬಿಡುಗಡೆ ಹೊಂದದ ಲಾಕೀಷಿನವರನ್ನು ಬಹುಮಟ್ಟಿಗೆ ಮರೆಯುತ್ತೇವೆ. ಪ್ರಾರ್ಥಿಸಿಯೂ ಮನೆಮಾರು ಕಳೆದುಕೊಂಡವರು ನಮ್ಮ ಸಭೆಗಳಲ್ಲಿಯೂ ಕುಳಿತಿರುತ್ತಾರೆ.

ಸಿದ್ಧತೆಯ ಕ್ರಮ

ಈ ಮನೋಭಾವದಿಂದ ಹೊರಡುವವರು ಕನಿಷ್ಠ ಒಂದು ವರ್ಷ ಮೊದಲು ಸಿದ್ಧತೆ ಆರಂಭಿಸುವುದು ಒಳ್ಳೆಯದು.

ಮೊದಲನೆಯದು ಕಾಲದ ವಿಚಾರ. ನಮ್ಮ ಬೇಸಿಗೆ ಮಾರ್ಚಿಯಿಂದ ಮೇ ತಿಂಗಳವರೆಗೆ. ಆದರೆ ಉತ್ಖನನದ ಋತು ಹೆಚ್ಚಾಗಿ ಜೂನ್ ಮತ್ತು ಜುಲೈ. ನಮ್ಮ ಸೆಮಿನರಿಗಳಲ್ಲಿ ಸಾಮಾನ್ಯವಾಗಿ ಹೊಸ ಶೈಕ್ಷಣಿಕ ವರ್ಷ ತೊಡಗುವುದು ಆಗಲೇ. ಆದುದರಿಂದ ಪ್ರಾಂಶುಪಾಲರೊಂದಿಗೆ ಮುಂಚಿತವಾಗಿ ಮಾತನಾಡಿ, ಲಿಖಿತ ಅನುಮತಿ ಪಡೆಯಬೇಕು. ಹಾಜರಾತಿಯ ನಷ್ಟವನ್ನು ಹೇಗೆ ತುಂಬಬೇಕು, ಈ ಕೆಲಸವನ್ನು ಅಧ್ಯಯನದ ಭಾಗವಾಗಿ ಎಣಿಸಬಹುದೇ ಎಂಬುದನ್ನು ಆಗಲೇ ತೀರ್ಮಾನಿಸಿಕೊಳ್ಳಬೇಕು. ಪೂರ್ಣ ಋತುವಿಗೆ ಇರಲಾಗದವರಿಗೆ ಎರಡು ವಾರಗಳ ಅವಧಿಯನ್ನು ಕೊಡುವ ತಂಡಗಳೂ ಇವೆ. ಸಭಾಪಾಲಕರಿಗೆ ಇದು ಹೆಚ್ಚು ಅನುಕೂಲ.

ಎರಡನೆಯದು ಸ್ಥಳದ ಆಯ್ಕೆ. 'ಬಿಬ್ಲಿಕಲ್ ಆರ್ಕಿಯಾಲಜಿ ರಿವ್ಯೂ' ಪತ್ರಿಕೆಯು ಸ್ವಯಂಸೇವಕರನ್ನು ಸ್ವೀಕರಿಸುವ ಉತ್ಖನನಗಳ ಪಟ್ಟಿಯನ್ನು ಪ್ರತಿ ವರ್ಷ ಪ್ರಕಟಿಸುತ್ತದೆ. ಅಮೆರಿಕದ ಪುರಾತತ್ತ್ವ ಸಂಸ್ಥೆಯೂ ಕ್ಷೇತ್ರಕಾರ್ಯದ ಅವಕಾಶಗಳ ಪಟ್ಟಿಯನ್ನು ಇಟ್ಟಿದೆ. ಹೆಸರಾಂತ ಸ್ಥಳವೆಂಬುದಕ್ಕಿಂತ ಮೂರು ಸಂಗತಿಗಳನ್ನು ನೋಡಬೇಕು. ತಂಡಕ್ಕೆ ಆ ದೇಶದ ಪುರಾತತ್ತ್ವ ಇಲಾಖೆಯ ಪರವಾನಗಿ ಇದೆಯೇ? ಹಿಂದಿನ ಋತುಗಳ ವರದಿಗಳನ್ನು ಪ್ರಕಟಿಸಿದ್ದಾರೆಯೇ? ಸ್ವಯಂಸೇವಕರಿಗೆ ಪಾಠ, ಉಪನ್ಯಾಸ, ಬೋಕಿಗಳ ಪರಿಶೀಲನೆಯಲ್ಲಿ ಭಾಗ ಇವೆಯೇ, ಅಥವಾ ಬುಟ್ಟಿ ಹೊರುವುದಷ್ಟೇ ಅವರ ಪಾಲೇ? ಸತ್ಯವೇದದ ಒಂದು ವಚನವನ್ನು ರುಜುವಾತುಪಡಿಸುವುದೇ ತಮ್ಮ ಗುರಿಯೆಂದು ಮೊದಲೇ ಸಾರುವ ತಂಡದ ವಿಷಯದಲ್ಲಿ ಎಚ್ಚರ ಬೇಕು. ಉತ್ತರವನ್ನು ಮೊದಲೇ ಬರೆದಿಟ್ಟವರಿಗೆ ಬದುವಿನ ಗೆರೆಗಳು ಕಾಣುವುದು ಕಷ್ಟ.

ಮೂರನೆಯದು ಹಣ. ಸ್ವಯಂಸೇವಕರಿಗೆ ಸಂಬಳವಿಲ್ಲ, ಊಟ ವಸತಿಗಳ ವೆಚ್ಚವನ್ನು ಸಾಮಾನ್ಯವಾಗಿ ಅವರೇ ಕೊಡಬೇಕು. ವಿಮಾನದ ಟಿಕೆಟ್, ವೀಸಾ, ವೈದ್ಯಕೀಯ ವಿಮೆ ಇವೆಲ್ಲ ಬೇರೆ. ವಿಶ್ವವಿದ್ಯಾಲಯದ ಅಂಕಗಳು ಬೇಕಾದರೆ ಅದಕ್ಕೆ ಪ್ರತ್ಯೇಕ ಶುಲ್ಕವಿರುತ್ತದೆ. ಅದು ನಮಗೆ ಅಗತ್ಯವಿಲ್ಲದಿದ್ದರೆ ಬಿಡಬಹುದು. ಬಿಬ್ಲಿಕಲ್ ಆರ್ಕಿಯಾಲಜಿ ಸೊಸೈಟಿಯೂ ಅಸೋರ್ ಎಂಬ ಸಂಸ್ಥೆಯೂ ಉತ್ಖನನಕ್ಕಾಗಿ ವಿದ್ಯಾರ್ಥಿವೇತನಗಳನ್ನು ಕೊಡುತ್ತ ಬಂದಿವೆ. ಅರ್ಹತೆಯ ನಿಯಮಗಳನ್ನು ಸರಿಯಾಗಿ ಓದಿ ಅರ್ಜಿ ಹಾಕಬೇಕು. ಸಭೆಯ ಸಹಾಯ ಕೇಳುವವರು ಯಾತ್ರೆಯೆಂದು ಹೇಳದೆ, ಇದು ಕೈಕೆಲಸದ ಮೂಲಕ ಪಡೆಯುವ ವಿದ್ಯಾಭ್ಯಾಸವೆಂದು ಸ್ಪಷ್ಟವಾಗಿ ಹೇಳಬೇಕು. ಕೂಲಿನಾಲಿ ಮಾಡಿ ಕಾಣಿಕೆ ಹಾಕುವ ಸಭೆಯವರಿಗೆ ತಮ್ಮ ಹಣ ಯಾವುದಕ್ಕೆ ಹೋಗುತ್ತದೆಂದು ತಿಳಿಯುವ ಹಕ್ಕಿದೆ.

ನಾಲ್ಕನೆಯದು ದೇಶಗಳ ಸ್ಥಿತಿ. 2023ರ ಅಕ್ಟೋಬರಿನಲ್ಲಿ ತೊಡಗಿದ ಯುದ್ಧದಿಂದಾಗಿ ಅನೇಕ ಉತ್ಖನನಗಳ ಋತುಗಳು ರದ್ದಾದವು. ಭಾರತದ ವಿದೇಶಾಂಗ ಸಚಿವಾಲಯದ ಸೂಚನೆಗಳನ್ನು ಅರ್ಜಿ ಹಾಕುವಾಗಲೂ ಹೊರಡುವ ಮುನ್ನವೂ ನೋಡಬೇಕು. ರದ್ದಾದರೆ ಹಣ ಹಿಂದಿರುಗುವ ನಿಯಮವೇನೆಂದು ತಂಡವನ್ನು ಮೊದಲೇ ಕೇಳಬೇಕು. ಮನೆಯವರನ್ನು ಒಪ್ಪಿಸಿ ಹೊರಡುವುದೂ ಸಿದ್ಧತೆಯ ಭಾಗವೇ. ಅಪಾಯವನ್ನು ವಿಶ್ವಾಸದ ಪರೀಕ್ಷೆಯೆಂದು ಎಣಿಸಿ ನುಗ್ಗುವುದು ಭಕ್ತಿಯಲ್ಲ.

ಐದನೆಯದು ದೇಹ ಮತ್ತು ಓದು. ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡಿರಬೇಕು. ಗಟ್ಟಿಯಾದ ಬೂಟು, ಅಗಲವಾದ ಟೋಪಿ, ಕೈಗವಸು, ಉದ್ದ ತೋಳಿನ ಹತ್ತಿ ಅಂಗಿ ಬೇಕು. ಹೊರಡುವ ಮೊದಲು ಒಂದೆರಡು ತಿಂಗಳು ತೋಟದಲ್ಲೋ ಹೊಲದಲ್ಲೋ ಗುದ್ದಲಿ ಹಿಡಿದು ಬೆನ್ನನ್ನು ಪಳಗಿಸಿಕೊಳ್ಳುವುದು ಹಿತ. ಆರಿಸಿಕೊಂಡ ಸ್ಥಳದ ಹಿಂದಿನ ವರದಿಗಳಲ್ಲಿ ಒಂದನ್ನಾದರೂ ಪೂರ್ತಿ ಓದಿಕೊಂಡು ಹೋಗಬೇಕು. ಸಾಧ್ಯವಿದ್ದವರು ಒಮ್ಮೆ ಬ್ರಹ್ಮಗಿರಿಗೆ ಹೋಗಿ, ಅಲ್ಲಿಯ ಬೃಹತ್ ಶಿಲಾ ಸಮಾಧಿಗಳನ್ನೂ ಅಶೋಕನ ಶಾಸನವನ್ನೂ ನೋಡಿ, ವೀಲರ್ ಅವರ ವರದಿಯನ್ನು ಓದಿಕೊಳ್ಳಲಿ. ವಿದೇಶಕ್ಕೆ ಹೋಗಲು ಅನುಕೂಲವಿಲ್ಲದವರಿಗೂ ಈ ಅಭ್ಯಾಸದ ಬಹುಭಾಗ ಇಲ್ಲಿಯೇ ದೊರೆಯುತ್ತದೆ.

ದಿಬ್ಬದ ಮೇಲಿನ ದಿನ

ಬಿಸಿಲಿನ ದೆಸೆಯಿಂದ ಕೆಲಸ ಬೆಳಗಿನ ಐದು ಗಂಟೆಯ ಸುಮಾರಿಗೆ ತೊಡಗಿ ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತದೆ. ಗುದ್ದಲಿ, ಕರಣೆ, ಕುಂಚ, ಬುಟ್ಟಿ, ಜರಡಿ ಇವೇ ಸಲಕರಣೆಗಳು. ಸಿಕ್ಕಿದ ಪ್ರತಿ ಬೋಕಿಯೂ ಅದು ದೊರೆತ ಸ್ತರದ ಸಂಖ್ಯೆಯ ಚೀಟಿಯುಳ್ಳ ಬುಟ್ಟಿಗೇ ಹೋಗಬೇಕು. ಚೀಟಿ ತಪ್ಪಿದ ಬೋಕಿ ಏನನ್ನೂ ಹೇಳಲಾರದು. ಮಧ್ಯಾಹ್ನದ ಮೇಲೆ ಅವುಗಳನ್ನು ತೊಳೆದು ಒಣಗಿಸುತ್ತಾರೆ. ಬಳಿಕ ಪರಿಣತರು ಒಂದೊಂದನ್ನೇ ಕೈಗೆತ್ತಿಕೊಂಡು ಕಾಲವನ್ನು ಗುರುತಿಸುತ್ತಾರೆ. ಸಂಜೆ ಉಪನ್ಯಾಸವಿರುತ್ತದೆ. ದಿನಗಟ್ಟಲೆ ಅಗೆದರೂ ಒಂದು ಒಲೆಯ ಬೂದಿ, ಒಂದು ನೆಲಗಟ್ಟಿನ ಅಂಚು ಮಾತ್ರ ಸಿಕ್ಕೀತು.

ಈ ದುಡಿಮೆಗೂ ವ್ಯಾಖ್ಯಾನಶಾಸ್ತ್ರಕ್ಕೂ ಸಂಬಂಧವಿದೆ. ವಚನವೊಂದನ್ನು ಅದರ ಸಂದರ್ಭದಿಂದ ಕಿತ್ತು ಬಳಸಬಾರದೆಂದು ತರಗತಿಯಲ್ಲಿ ನಾವು ಕಲಿಯುತ್ತೇವೆ. ಸ್ತರದಿಂದ ಕಿತ್ತ ಬೋಕಿಯನ್ನು ಕೈಯಲ್ಲಿ ಹಿಡಿದಾಗ ಆ ಪಾಠ ಬೆರಳುಗಳಿಗೂ ತಿಳಿಯುತ್ತದೆ. ದಿನದ ಕೊನೆಯಲ್ಲಿ ಒಂದು ಪುಸ್ತಕದಲ್ಲಿ ಎರಡು ಅಂಕಣಗಳನ್ನು ಮಾಡಿ, ಒಂದರಲ್ಲಿ ಕಂಡದ್ದನ್ನೂ ಇನ್ನೊಂದರಲ್ಲಿ ಊಹಿಸಿದ್ದನ್ನೂ ಬೇರೆಬೇರೆಯಾಗಿ ಬರೆಯುವ ಅಭ್ಯಾಸವನ್ನು ನಾವು ಶಿಫಾರಸು ಮಾಡುತ್ತೇವೆ.

ನೆಲದ ಮೇಲಿರುವ ಜನರು

ನೆಲದಡಿಯ ಜನರನ್ನು ಅರಸುತ್ತ ನೆಲದ ಮೇಲಿರುವವರನ್ನು ಕಾಣದೆ ಬರುವುದು ದೊಡ್ಡ ಲೋಪ. ಹಿಸ್ಬಾನಿನ ದಿಬ್ಬದ ಬುಡದಲ್ಲಿ ಇಂದಿಗೂ ಅದೇ ಹೆಸರಿನ ಊರಿದೆ. ಅದರ ದಕ್ಷಿಣಕ್ಕೆ ಕೆಲವು ಕಿಲೋಮೀಟರು ದೂರದ ಮಾದಬಾದಲ್ಲಿ, ಆರನೆಯ ಶತಮಾನದ ಪ್ರಸಿದ್ಧ ನಕ್ಷೆಯನ್ನು ನೆಲದಲ್ಲಿ ಹೊಂದಿರುವ ಗ್ರೀಕ್ ಆರ್ಥಡಾಕ್ಸ್ ದೇವಾಲಯವಿದೆ. ಅಲ್ಲಿ ಅರಬ್ಬೀ ಮಾತನಾಡುವ ಕ್ರೈಸ್ತರು ಈಗಲೂ ಆರಾಧಿಸುತ್ತಾರೆ. ಪಂಚಾಶತ್ತಮ ದಿನದಲ್ಲಿ ಯೆರೂಸಲೇಮಿನಲ್ಲಿ ಕೂಡಿದವರಲ್ಲಿ ಅರಬೀಯರೂ ಇದ್ದರೆಂದು ಅಪೊಸ್ತಲರ ಕೃತ್ಯಗಳು ಎರಡನೆಯ ಅಧ್ಯಾಯ ತಿಳಿಸುತ್ತದೆ. ಆದುದರಿಂದ ರಜೆಯ ದಿನದಲ್ಲಿ ಸ್ಥಳೀಯ ಸಭೆಯೊಂದಿಗೆ ಆರಾಧಿಸುವುದನ್ನು ಯೋಜನೆಯಲ್ಲಿ ಮೊದಲೇ ಸೇರಿಸಿಕೊಳ್ಳಬೇಕು. ಯಾವ ನೆಲದಲ್ಲಿ ಅಗೆಯುತ್ತೇವೆಂಬುದೂ ನ್ಯಾಯದ ಪ್ರಶ್ನೆ. ಯುದ್ಧಕಾಲದಲ್ಲಿ ಸಾಂಸ್ಕೃತಿಕ ಸೊತ್ತನ್ನು ಕಾಪಾಡುವ 1954ರ ಹೇಗ್ ಒಪ್ಪಂದಕ್ಕೆ 1999ರಲ್ಲಿ ಸೇರಿಸಿದ ಎರಡನೆಯ ಪ್ರೊಟೊಕಾಲ್, ಸೊತ್ತಿನ ರಕ್ಷಣೆಗೆ ಅನಿವಾರ್ಯವಾದಾಗ ಹೊರತು, ಆಕ್ರಮಿತ ಪ್ರದೇಶದಲ್ಲಿ ಉತ್ಖನನವನ್ನು ನಿಷೇಧಿಸುತ್ತದೆ. ತಂಡವನ್ನು ಆರಿಸುವಾಗ ಇದನ್ನೂ ವಿಚಾರಿಸಿ ತಿಳಿಯಬೇಕು.

ಪ್ರಾಚೀನ ವಸ್ತುಗಳನ್ನು ಕೊಂಡು ತರುವ ಆಸೆಯನ್ನು ಪೂರ್ತಿ ಬಿಡಬೇಕು. ಉತ್ಖನನದಲ್ಲಿ ಸಿಕ್ಕಿದ್ದೆಲ್ಲ ಆಯಾ ದೇಶದ ಸೊತ್ತು. ಜೋರ್ಡಾನಿನಲ್ಲಿ ಪ್ರಾಚೀನ ವಸ್ತುಗಳ ವ್ಯಾಪಾರವೇ ನಿಷಿದ್ಧ. ಅಂಗಡಿಯಲ್ಲಿ ಮಾರುವ ಮಣ್ಣಿನ ದೀಪ ನಿಜವಾದದ್ದಾದರೆ ಯಾವುದೋ ಸಮಾಧಿಯನ್ನು ಕಳ್ಳರು ಒಡೆದು ತಂದದ್ದಿರಬಹುದು, ನಿಜವಲ್ಲದಿದ್ದರೆ ನಕಲಿ. ವಾಷಿಂಗ್ಟನ್ನಿನ ಸತ್ಯವೇದ ವಸ್ತುಸಂಗ್ರಹಾಲಯದಲ್ಲಿ ಲವಣಸಮುದ್ರದ ಸುರುಳಿಗಳೆಂದು ಇಟ್ಟಿದ್ದ 16 ತುಣುಕುಗಳೂ ಇತ್ತೀಚಿನ ನಕಲುಗಳೆಂದು 2020ರಲ್ಲಿ ತಿಳಿದುಬಂದಿತು. ಭಕ್ತರ ಪುರಾವೆಯ ಹಸಿವೇ ನಕಲು ಮಾಡುವವರ ಬಂಡವಾಳವಾಗಿತ್ತು.

ಹಿಂದಿರುಗಿದ ಮೇಲೆ

ಹಿಂದಿರುಗಿದವರನ್ನು ಸಭೆಯವರು ಮೊದಲು ಕೇಳುವ ಪ್ರಶ್ನೆ 'ಏನು ಸಿಕ್ಕಿತು?' ಎಂಬುದೇ. ನಮ್ಮ ಅಭಿಪ್ರಾಯದಲ್ಲಿ ಇದಕ್ಕೆ ಅಂಜದೆ ಸರಳವಾಗಿ ಉತ್ತರ ಕೊಡಬೇಕು: ಇಂಥ ಮನೆಯ ನೆಲ ಸಿಕ್ಕಿತು, ಇಂಥ ಕಾಲದ್ದೆಂದು ತಿಳಿದವರು ಹೇಳುತ್ತಾರೆ, ಇದರ ವಿಷಯದಲ್ಲಿ ಭಿನ್ನಾಭಿಪ್ರಾಯವೂ ಇದೆ, ಸತ್ಯವೇದದ ಇಂಥ ಭಾಗವನ್ನು ಓದಲು ಇದು ಇಷ್ಟು ಸಹಾಯಮಾಡುತ್ತದೆ. ಹಳ್ಳಿಯ ಸಭೆಗಳಲ್ಲಿ ಇಂಥ ಉತ್ತರ ವಿಶ್ವಾಸವನ್ನು ಕುಗ್ಗಿಸೀತೆಂದು ಕೆಲವರು ಭಯಪಡುತ್ತಾರೆ. ಮಣ್ಣನ್ನು ದಿನವೂ ಮುಟ್ಟುವ ರೈತರಿಗೆ, ಮಣ್ಣು ಎಲ್ಲವನ್ನೂ ಹೇಳುವುದಿಲ್ಲವೆಂಬುದನ್ನು ನಾವು ಕಲಿಸಬೇಕಾಗಿಲ್ಲ. ತಮ್ಮ ಸಭಾಪಾಲಕರು ತಿಳಿದದ್ದನ್ನು ತಿಳಿದಷ್ಟೇ ಹೇಳುತ್ತಾರೆಂದು ಒಮ್ಮೆ ಕಂಡುಕೊಂಡ ಸಭೆ, ಅವರು ಪುನರುತ್ಥಾನದ ಕುರಿತು ಮಾತನಾಡುವಾಗ ಹೆಚ್ಚಿನ ಭರವಸೆಯಿಂದ ಕಿವಿಗೊಡುತ್ತದೆ. ಮುಂದಿನ ವರ್ಷ ಅರ್ಜಿ ಹಾಕಲಿರುವವರು ಈ ಋತುವಿನಲ್ಲಿಯೇ ತಮ್ಮ ಹಳೆಯ ಒಡಂಬಡಿಕೆಯ ಅಧ್ಯಾಪಕರನ್ನು ಕಂಡು, ಯಾವ ದಿಬ್ಬದ ಯಾವ ವರದಿಯಿಂದ ಓದು ಆರಂಭಿಸಬೇಕೆಂದು ಕೇಳಲಿ.